ಅಂಗೈ ಗೆರೆ ಕಾಣದ ಅರಸುಕುವರಿ

“ಕೇಳಿರಪ್ಪೋ ಕೇಳಿರಿ. ಹೊನ್ನಗವಿಯ ದೊರೆ ಸೋವರಸರ ಅಪ್ಪಣೆ. ಕುವರಿ ಲಕುಮಾಂಬೆ ಕೇಳುವ ಮೂರು ಒಗಟು ಬಿಡಿಸಿದವನಿಗೆ ಕುವರಿಯ ಕೈ, ಅರ್ಧ ಸೀಮೆ. ಒಂದು ತಪ್ಪಿದರೂ ಅಮಾವಾಸ್ಯೆಯ ಬೆಳಿಗ್ಗೆ ತಲೆದಂಡ.”

ಡಂಗುರದವನು ಕೊನೆಯ ಮಾತನ್ನು ಮೆಲ್ಲಗೆ ಸಾರಿದನೋ ಏನೋ, ಮೂವರು ವರರು ಬಂದೇಬಿಟ್ಟರು. ಮೊದಲ ಒಗಟು ಹೀಗಿತ್ತು: “ಒಬ್ಬಳು ಹೆಣ್ಣು. ಆಚೆ ಗುಡ್ಡದಲ್ಲಿ ಮೇಕೆ ಕುಂಟಿದರೆ ಅವಳಿಗೆ ಕಾಣುತ್ತದೆ, ತನ್ನ ಅಂಗೈ ಗೆರೆ ಕಾಣುವುದಿಲ್ಲ. ಯಾರವಳು?” ಪಾಳೆಯಗಾರನ ಮಗ ಹದ್ದು ಅಂದ. ಕುದುರೆ ಸಾಹುಕಾರ ದೀಪ ಅಂದ. ಪಂಡಿತ ಸಭೆಗೆ ಆಕಳಿಕೆ ಬರುವಷ್ಟು ಶ್ಲೋಕ ಹೇಳಿ ಗೋಪುರ ಅಂದ. ಮೂವರೂ ಕೋಟೆಯ ಸೆರೆ ಸೇರಿದರು.

ಆ ನಾಡಿನಲ್ಲಿ ಒಂದು ಕಟ್ಟಳೆಯಿತ್ತು. ತಲೆದಂಡದ ಓಲೆಯನ್ನು ಪಟ್ಟಕ್ಕೆ ಬರುವವರೇ ತುಂಬಿದ ಸಭೆಯಲ್ಲಿ ಓದಿ ಮುದ್ರೆ ಒತ್ತಬೇಕು. ಓದಲಾರದವರಿಗೆ ಪಟ್ಟವಿಲ್ಲ. ಕುವರಿ ಮೂರು ಓಲೆಯನ್ನೂ ಎಲ್ಲೂ ತಡವರಿಸದೆ ಓದಿ ಮುದ್ರೆ ಒತ್ತಿದಳು. ದೊರೆಗೆ ಹೆಮ್ಮೆಯೋ ಹೆಮ್ಮೆ.

ಅಮಾವಾಸ್ಯೆಗೆ ಒಂದೇ ದಿನ ಉಳಿದಾಗ ಸಾಣೆಗಾರ ದೇಸಯ್ಯ ಬಂದ. ಸ್ಫಟಿಕದ ಹರಳು ಉಜ್ಜಿ ಹೊಳಪು ಕೊಡುವುದು ಅವನ ಕಸುಬು. ಹಿಂದೆ ಸರಕ್ಕೆ ಹರಳು ಕೂರಿಸಲು ಅರಮನೆಗೆ ಬಂದಾಗ, ಕುವರಿ ಅದನ್ನು ಕೈ ಚಾಚಿ ದೂರ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದ್ದನ್ನು ಕಂಡಿದ್ದ. ಅವನ ಅಕ್ಕನೂ ಹಾಗೆಯೇ ನೋಡುತ್ತಿದ್ದಳು. ಊರೆಲ್ಲ ಹಬ್ಬಿದ ಒಗಟಿನ ಉತ್ತರ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡರೆ ಮೂವರ ತಲೆ ಹೋಗುತ್ತದಲ್ಲ ಎಂದು ಅವನಿಗೆ ಊಟ ಸೇರಿರಲಿಲ್ಲ.

“ಮನೆಯಲ್ಲಿ ಹೇಳಿ ಬಂದೆಯೇನಪ್ಪ?” ದೊರೆ ಕೇಳಿದ.

“ಇಲ್ಲ ಬುದ್ಧಿ. ಅಕ್ಕನಿಗೆ ಹೇಳಿದ್ರೆ ಬಿಡ್ತಿರಲಿಲ್ಲ.”

ಪಕ್ಕದಲ್ಲಿ ಕರಣಿಕ ತಿಮ್ಮರಸ ಓಲೆಯ ತಟ್ಟೆ ಹಿಡಿದು ನಿಂತಿದ್ದ. ಕುವರಿ ಮೊದಲ ಒಗಟು ಕೇಳಿದಳು. ದೇಸಯ್ಯ ಕೈ ಮುಗಿದ.

“ಆ ಹೆಣ್ಣು ನೀವೇ, ತಾಯಿ.”

ಕಾವಲಿನವರ ಕೈ ಕತ್ತಿಯ ಮೇಲೆ ಹೋಯಿತು. “ಹತ್ತಿರದ್ದು ಕಾಣದವಳು ಓಲೆ ಓದಿದ್ದು ಹೇಗೆ? ಇಡೀ ಸಭೆ ಕೇಳಿದೆ,” ದೊರೆ ಗುಡುಗಿದ.

ಕುವರಿ ಮಾತ್ರ ಅಲುಗಲಿಲ್ಲ. “ಉತ್ತರ ಸರಿ,” ಅಂದಳು. ಸಭೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಎರಡನೆಯದು. ಜ್ವರವಿಲ್ಲ, ಪೆಟ್ಟಿಲ್ಲ. ಓಲೆ ಹಿಡಿದ ದಿನ, ಸೂಜಿ ಹಿಡಿದ ದಿನ, ಸಂಜೆಯಾದರೆ ಅವಳ ಹಣೆ ಸಿಡಿಯುತ್ತದೆ, ಕಣ್ಣು ಉರಿಯುತ್ತದೆ. ಗುಡ್ಡ ನೋಡುತ್ತ ಕುಳಿತ ದಿನ ಏನೂ ಇಲ್ಲ. ಅವಳನ್ನು ಹೊಡೆಯುವವರು ಯಾರು?”

“ಯಾರೂ ಹೊಡೀತಿಲ್ಲ ತಾಯಿ. ಅವಳ ಕಣ್ಣೇ ಹೆಣಗಾಡಿ ಸೋಲ್ತಿದೆ. ನನಗೆ ಗೊತ್ತಿರೋದು ಹರಳಿನ ಲೆಕ್ಕ. ಹರಳು ಬಿಸಿಲನ್ನ ಒಂದು ಚುಕ್ಕಿಗೆ ಕೂಡಿಸ್ತದೆ. ಬಟ್ಟೆ ತೀರ ಹತ್ತಿರ ಹಿಡಿದ್ರೆ ಚುಕ್ಕಿ ಮೂಡೋದಿಲ್ಲ, ಬೆಳಕು ಹರಡಿಕೊಳ್ತದೆ. ಕೂಡೋ ಜಾಗ ಬಟ್ಟೆಯ ಹಿಂದಕ್ಕೆ ಬೀಳ್ತದೆ. ಅವಳ ಕಣ್ಣಿನ ಗುಡ್ಡೆ ಸ್ವಲ್ಪ ಗಿಡ್ಡ, ನೋಟ ಕೂಡೋ ಜಾಗ ಹಿಂದೆ ಸರಿದಿದೆ. ಅದನ್ನ ಮುಂದಕ್ಕೆ ಎಳೆಯೋಕೆ ಕಣ್ಣು ಇಡೀ ದಿನ ಬಡಿದಾಡ್ತದೆ. ಹತ್ತಿರದ್ದು ನೋಡುವಾಗ ಇನ್ನೂ ಕಷ್ಟ.”

ಕುವರಿ ಒಂದು ಗಳಿಗೆ ಕಣ್ಣು ಮುಚ್ಚಿದಳು. “ಸರಿ.”

ಆಮೇಲೆ ಅವನ ಕಡೆಗೆ ಬಾಗಿದಳು. “ಮೂರನೆಯದು. ಕುಡಿಯುವ ಹಾಗಿಲ್ಲ, ಹಚ್ಚುವ ಹಾಗಿಲ್ಲ. ಅವಳಿಗೆ ಆಗಿಬರುವ ಮದ್ದು ಯಾವುದು? ಇದರ ಉತ್ತರ ನನಗೂ ಗೊತ್ತಿಲ್ಲ, ದೇಸಯ್ಯ. ತಪ್ಪಿದರೆ ನಿನ್ನನ್ನು ಉಳಿಸಲಾರೆ.”

ದೇಸಯ್ಯ ಸೊಂಟದ ಚೀಲ ಬಿಚ್ಚಿದ. ನಡು ದಪ್ಪ, ಅಂಚು ತೆಳುವಾದ ಐದು ಹರಳು ಅದರಲ್ಲಿದ್ದವು. “ಇದು ಬಾಯಲ್ಲಿ ಹೇಳೋ ಉತ್ತರ ಅಲ್ಲ. ಒಬ್ಬೊಬ್ಬರ ಕಣ್ಣಿಗೆ ಒಂದೊಂದು ಹರಳು ಹೊಂದ್ತದೆ. ಇಟ್ಟೇ ನೋಡ್ಬೇಕು, ಅಕ್ಕನಿಗೂ ಹಾಗೇ ಹುಡುಕಿದ್ದು. ಅಂಗೈ ಹಿಡೀರಿ.”

ಮೊದಲನೆಯದು ಹಿಡಿದ. “ಮಬ್ಬು,” ಅಂದಳು ಕುವರಿ. ಎರಡನೆಯದಕ್ಕೂ ಅದೇ ಮಾತು. ಮೂರನೆಯದು ವಾಸಿ, ಆದರೆ ಗೆರೆ ಬಿಡಿಯಾಗಿ ಕಾಣಲಿಲ್ಲ. ನಾಲ್ಕನೆಯದು ಹಿಡಿಯುವಾಗ ದೇಸಯ್ಯನ ಬೆರಳು ಬೆವೆತು ಹರಳು ಜಾರಿತು, ಕಲ್ಲುಹಾಸಿನ ಮೇಲೆ ಬಿದ್ದು ಒಡೆಯಿತು. ಅವನಿಗೆ ಅಕ್ಕನ ನೆನಪಾಯಿತು. ಉಳಿದದ್ದು ಒಂದೇ. ಬೆರಳನ್ನು ಪಂಚೆಗೆ ಒರೆಸಿಕೊಂಡು ಅದನ್ನು ಕುವರಿಯ ಕಣ್ಣಿನ ಮುಂದೆ ಹಿಡಿದ.

ಅವಳು ಇನ್ನೊಂದು ಕೈಯ ಬೆರಳಿನಿಂದ ಗೆರೆ ಎಣಿಸಿದಳು. ಅಂಗೈಯನ್ನೇ ನೋಡುತ್ತಿದ್ದಳು. ಕೆನ್ನೆ ಒದ್ದೆಯಾಗಿತ್ತು.

“ಕಂಡರೆ ಸಾಲದು, ಓದಿ ತೋರಿಸು,” ಅಂದ ದೊರೆ.

ಕೈಗೆ ಸಿಕ್ಕ ಬರಹವೆಂದರೆ ಕರಣಿಕನ ತಟ್ಟೆಯಲ್ಲಿದ್ದ ಓಲೆ. ಕುವರಿ ಅದನ್ನೆತ್ತಿ, ಹರಳು ಹಿಡಿದು, ಅಕ್ಷರ ಕಲಿಯುವ ಮಗು ಓದುವ ಹಾಗೆ ಓದಿದಳು. “ಸಾಣೆಗಾರ... ದೇಸಯ್ಯನು... ಒಗಟಿಗೆ ತಪ್ಪು ಉತ್ತರ... ಕೊಟ್ಟ ಕಾರಣ... ತಲೆ...”

ಕುವರಿ ಕರಣಿಕನ ಕಡೆ ತಿರುಗಿದಳು.

“ಇದನ್ನು ಯಾವಾಗ ಬರೆದೆ, ತಿಮ್ಮರಸ?”

“ಬೆಳಿಗ್ಗೆ, ತಾಯಿ. ಎಲ್ಲರದೂ ಹೀಗೇ ಆಯ್ತಲ್ಲ, ಕೆಲಸ ಮುಂಚೆ ಮುಗಿದಿರಲಿ ಅಂತ...”

“ನಿನ್ನನ್ನು ಬೈಯುವ ಬಾಯಿ ನನಗಿಲ್ಲ,” ಅಂದಳು ಕುವರಿ. “ಆ ಮೂರು ಓಲೆಯನ್ನು ನಾನು ಓದಲೇ ಇಲ್ಲ. ನನ್ನ ದಾದಿ ಮೊದಲೇ ಓದಿ ಹೇಳಿಕೊಟ್ಟಿದ್ದನ್ನು ಬಾಯಿಪಾಠ ಒಪ್ಪಿಸಿ ಮುದ್ರೆ ಒತ್ತಿದೆ. ಪಟ್ಟ ತಪ್ಪೀತೆಂಬ ಹೆದರಿಕೆಗೆ ನನ್ನ ಕಣ್ಣಿನ ಮದ್ದನ್ನು ಒಗಟಿನ ಮರೆಯಲ್ಲಿ ಹುಡುಕಿದೆ, ಮೂರು ಜೀವ ಕೊಡಲು ಹೊರಟಿದ್ದೆ, ಅಪ್ಪಾಜಿ. ನನಗೆ ನಾಚಿಕೆಯಾಗುತ್ತಿದೆ.”

ದೊರೆ ತಲೆ ತಗ್ಗಿಸಿದ. ಓದದೆ ಒತ್ತಿದ ಮುದ್ರೆ ಕಟ್ಟಳೆಯ ಪ್ರಕಾರ ಮುದ್ರೆಯೇ ಅಲ್ಲ. ಕುವರಿ ಮೂರು ಓಲೆಯನ್ನೂ ತರಿಸಿ, ಒಂದೊಂದು ಹೆಸರನ್ನೂ ಗಟ್ಟಿಯಾಗಿ ಓದಿ, ಮುದ್ರೆಯ ಅರಗನ್ನು ತಾನೇ ಕೆರೆದು ತೆಗೆದಳು. ಸೆರೆಯಿಂದ ಹೊರಬಂದ ಪಂಡಿತ ಈ ಸಲ ಒಂದು ಶ್ಲೋಕವನ್ನೂ ಹೇಳದೆ ಊರ ದಾರಿ ಹಿಡಿದ.

“ಇನ್ನೇನು ಬೇಕು, ಕೇಳು,” ದೊರೆ ದೇಸಯ್ಯನಿಗೆ ಅಂದ.

“ಅಕ್ಕನಿಗೆ ಹೇಳಿ ಕಳಿಸಿ ಬುದ್ಧಿ, ಬರೋದು ತಡ ಆಗ್ತದೆ ಅಂತ.”

ಅರ್ಧ ಸೀಮೆ ಸಿಕ್ಕಿತು. ಕುವರಿ ಮನಸಾರೆ ಒಪ್ಪಿದ ಮೇಲೆ ಮದುವೆಯೂ ಆಯಿತು. ದೇಸಯ್ಯ ಅಂಥದ್ದೇ ಇನ್ನೊಂದು ಹರಳು ಉಜ್ಜಿ, ಎರಡನ್ನೂ ಬೆಳ್ಳಿಯ ತಂತಿಗೆ ಕೂರಿಸಿ ಅವಳ ಮೂಗಿನ ಮೇಲೆ ನಿಲ್ಲಿಸಿದ. “ಕಣ್ಣು ಬದಲಾಗಲ್ಲ, ಇದನ್ನ ಹಾಕ್ಕೊಂಡೇ ಇರ್ಬೇಕು,” ಅಂದ. ಸಂಜೆಯ ತಲೆನೋವು ನಿಂತಿತು.

ಲಕುಮಾಂಬೆ ಪಟ್ಟಕ್ಕೆ ಬಂದ ಮೇಲೂ ತಲೆದಂಡದ ಓಲೆಗಳು ಬರುತ್ತಿದ್ದವು. ಅವಳು ಪ್ರತಿಯೊಂದನ್ನೂ ಹರಳಿನಲ್ಲಿ ನಿಧಾನವಾಗಿ, ಹೆಸರಿನಿಂದ ಹಿಡಿದು ಕೊನೆಯವರೆಗೆ ಓದುತ್ತಿದ್ದಳು. ಹಾಗೆ ಓದಿದ ಮೇಲೆ ಒಂದಕ್ಕೂ ಮುದ್ರೆ ಒತ್ತಲು ಅವಳಿಗೆ ಕೈ ಬರಲಿಲ್ಲ.