ದುಂಬಿ ಹೊತ್ತ ನೀಲಿ ಬೂಷ್ಟು

“ಗುರುಗಳೇ, ಗುರುಶಾಂತನನ್ನು ಇಲ್ಲೇ ಬಿಟ್ಟು ಹೋದರೆ ತಪ್ಪಾದೀತೇ?” ಎಂದು ಶಿಷ್ಯ ಕೇಳಿದ.

ಮರುದಿನ ಬೆಳಗ್ಗೆ ಅವನು ಬೆಟ್ಟದಾಚೆಯ ಊರಿಗೆ ಹೊರಡಬೇಕಿತ್ತು. ಆ ಊರಿನ ಎರಡು ಕೇರಿಯವರು ಹತ್ತು ವರ್ಷದಿಂದ ಮಾತು ಬಿಟ್ಟಿದ್ದರು. ಅವರನ್ನು ಕೂಡಿಸಲು ಹೋದ ಇಬ್ಬರು ಶಿಷ್ಯರು ತಿಂಗಳು ತುಂಬುವ ಮೊದಲೇ ಸೋತು ಹಿಂದಿರುಗಿದ್ದರು. ಮಠದಲ್ಲಿ ಮಾತಿಗೆ ಇವನೇ ಮುಂದು. ತಾನಾದರೂ ಗೆದ್ದು ಬರಬೇಕೆಂಬ ಹಟ ಅವನಿಗಿತ್ತು. ಆದರೆ ಅಡುಗೆಮನೆಯ ಗುರುಶಾಂತನನ್ನೂ ಕರೆದೊಯ್ಯುವಂತೆ ಗುರುಗಳು ಹೇಳಿದ್ದರು. ಗುರುಶಾಂತನಿಗೆ ಎರಡು ಕಾಲೂ ಸ್ವಾಧೀನವಿರಲಿಲ್ಲ. ಮೂರು ದಿನದ ಏರುದಾರಿ. ಬೆನ್ನ ಮೇಲೆ ಹೊತ್ತೇ ನಡೆಯಬೇಕು. ಅವನು ಶಾಸ್ತ್ರ ಓದಿದವನಲ್ಲ. ಅವನಿಗೆ ಗೊತ್ತಿದ್ದುದು ತರಕಾರಿ ಹೆಚ್ಚುವುದು, ಪಕ್ಕದಲ್ಲಿ ಕುಳಿತವರ ಮಾತಿಗೆ ಹೂಂಗುಟ್ಟುವುದು. ಸಿಟ್ಟಿನಿಂದ ಮಠಕ್ಕೆ ಬಂದವರು ಅವನ ಬಳಿ ಕುಳಿತು ನಾಲ್ಕು ಅವರೆಕಾಯಿ ಸುಲಿದು, ತಣ್ಣಗಾಗಿ ಹೋಗುತ್ತಿದ್ದರು.

ಗುರುಗಳು ನಕ್ಕರು. “ಭಾರವೇನೋ ಹೌದು. ಉಣ್ಣುವುದರಲ್ಲಿ ಅವನು ನಿನಗಿಂತೇನೂ ಕಡಿಮೆಯಿಲ್ಲ” ಎಂದು ಕತೆ ಹೇಳತೊಡಗಿದರು.

ಉತ್ತರದ ಬೆಟ್ಟಗಳ ಪೈನ್ ಕಾಡಿನಲ್ಲಿ ರಾಳ ಇಳಿಸುವವನೊಬ್ಬನಿದ್ದ. ಮರದ ಮೈಗೆ ಗೀರು ಹಾಕಿ, ಕೆಳಗೆ ಬಟ್ಟಲು ಕಟ್ಟಿ, ಒಸರುವ ರಾಳವನ್ನು ಕೂಡಿಡುವುದು ಅವನ ಕಸುಬು. ನೂರು ವರ್ಷದ ಒಂದು ಮರವನ್ನು ಅವನು ಮನೆಯ ಹಿರಿಯನಂತೆ ಕಾಣುತ್ತಿದ್ದ. ಒಂದು ಬೇಸಿಗೆಯಲ್ಲಿ ಅಕ್ಕಿಕಾಳಿನಷ್ಟು ಪುಟ್ಟ ದುಂಬಿಗಳು ಬಂದು ಅದರ ತೊಗಟೆ ಕೊರೆಯತೊಡಗಿದವು. ಮರ ರಾಳ ಉಕ್ಕಿಸಿ ಅವುಗಳನ್ನು ಮುಳುಗಿಸಿತು. ಸತ್ತವುಗಳ ಹಿಂದೆಯೇ ಮತ್ತಷ್ಟು ಬಂದವು. ಅವನು ಬಟ್ಟಲಿನಿಂದ ಹೆಣಗಳನ್ನು ಆರಿಸಿ ಎಸೆಯುತ್ತ, ಇಷ್ಟೇ ಇಷ್ಟು ಹುಳಕ್ಕೆ ನಮ್ಮ ಹಿರಿಯ ಬಗ್ಗುವನೇ ಎಂದು ನಗುತ್ತಿದ್ದ. ಮುಂದಿನ ಬೇಸಿಗೆಗೆ ಮರದ ಸೂಜಿಯೆಲೆಗಳೆಲ್ಲ ಕೆಂಪಾದವು. ಬಟ್ಟಲು ಒಣಗಿತು.

ಅವನು ಅತ್ತು, ಮರ ಕಡಿದು, ತೊಗಟೆ ಸುಲಿದು ನೋಡಿದ. ದುಂಬಿ ಕೊರೆದ ಸುರಂಗಗಳಿಂದ ಮರದೊಳಕ್ಕೆ ನೀಲಿ ಬಣ್ಣ ಹಬ್ಬಿತ್ತು. ಅದು ಬೂಷ್ಟು. ನೀರು ಏರುವ ದಾರಿಗಳನ್ನು ಅದು ಮುಚ್ಚಿಹಾಕಿತ್ತು. ಕಾಲಿಲ್ಲದ ಆ ಬೂಷ್ಟನ್ನು ದುಂಬಿಯೇ ತನ್ನ ಮೈಯ ಪುಟ್ಟ ಚೀಲದಲ್ಲಿಟ್ಟು ತಂದು ಅಲ್ಲಿ ಬಿತ್ತಿತ್ತು. ಒಂದೇ ಒಂದು ಸುರಂಗದಲ್ಲಿ ನೀಲಿ ಇರಲಿಲ್ಲ. ಅಲ್ಲಿ ದುಂಬಿಯ ಮರಿಗಳು ಎಳ್ಳಿನಷ್ಟಾಗಿ ಒಣಗಿದ್ದವು. ನೀಲಿ ಇದ್ದ ಕಡೆಯ ಮರಿಗಳು ಅದನ್ನೇ ಮೇಯ್ದು ಮೈತುಂಬಿಕೊಂಡಿದ್ದವು.

“ಜೀವ ಹೋಗುವ ಜಾಗಕ್ಕೆ ನುಗ್ಗುವಾಗಲೂ ಈ ಹುಳ ತನ್ನ ಹೊರೆ ಇಳಿಸಲಿಲ್ಲ, ನೋಡೇ” ಎಂದು ಅವನು ಹೆಂಡತಿಗೆ ಹೇಳಿದ. ಮರ ಕಳೆದುಕೊಂಡವನೇ ಆ ಹುಳಕ್ಕೆ ಕೈಮುಗಿದ.

ಶಿಷ್ಯನ ಮುಖ ಅರಳಿತು. ತನ್ನ ಬೆನ್ನನ್ನು ತಾನೇ ಮುಟ್ಟಿನೋಡಿಕೊಂಡು, “ಅರ್ಥವಾಯಿತು, ಗುರುಗಳೇ. ಆ ದುಂಬಿಯದು ಎಂಥ ದೊಡ್ಡ ಮನಸ್ಸು! ನಾನೂ ಗುರುಶಾಂತನನ್ನು ಹಾಗೆಯೇ ಹೊರುತ್ತೇನೆ” ಎಂದ.

ಗುರುಗಳು ಏಳುತ್ತ ಹೇಳಿದರು: “ಇದೇ ಕತೆಯನ್ನು ಬೂಷ್ಟು ಹೇಳುವಾಗ ದುಂಬಿಯನ್ನು ತನ್ನ ವಾಹನ ಎನ್ನುತ್ತದೆ.”