ಬೆಲ್ಲ ಬಾಯಲ್ಲಿಟ್ಟು ಊರಿದ ಬೀಜ

"ಈಕಿ ಕೈಯಾಗ ಒಲಿ ಹೊತ್ತೂದಿಲ್ಲ, ಬಳ್ಳಿ ಹಬ್ಬೂದಿಲ್ಲ. ನೋಡ್ತಿರ್ರಿ, ಮಳಿಗಾಲ ಮುಗಿಯೂದರಾಗ ಸೆರಗೊಡ್ಡಿಕೊಂಡು ನನ್ನ ಬಾಗಲಿಗೇ ಬರ್ತಾಳ" ಎಂದು ಹಾಲವ್ವನ ಅತ್ತೆ ಕಲ್ಲವ್ವ ಓಣಿಗೆಲ್ಲ ಕೇಳುವಂತೆ ಹೇಳಿದ್ದಳು. ಗಂಡ ತೀರಿಕೊಂಡ ವರ್ಷವೇ, ಇನ್ನೂ ಸರಿಯಾಗಿ ನಡೆಯಲು ಬಾರದ ಮಗಳನ್ನು ಸೊಂಟಕ್ಕೇರಿಸಿಕೊಂಡು ಹಾಲವ್ವ ಬೇರೆ ಮನೆ ಹೂಡಿದಾಗ ಆಡಿದ ಮಾತು ಅದು. ಅವಳ ಪಾಲಿಗೆ ಬಂದದ್ದು ಬಿಳಿಗಲ್ಲೂರಿನ ಅಂಚಿನಲ್ಲಿ ಒಂದು ಬಿದ್ದ ಮನೆ, ಅದರ ಹಿಂದೆ ಹಳೆಯ ಸುಣ್ಣದ ಭಟ್ಟಿಯ ಜಾಗ. ಅಗೆದರೆ ಸುಣ್ಣದ ಹರಳು, ಇನ್ನೂ ಅಗೆದರೆ ಹೆಂಚಿನ ಚೂರು. ಅಲ್ಲಿ ಕಳೆಯೂ ಬೆಳೆಯುತ್ತಿರಲಿಲ್ಲ.

ಹಾಲವ್ವ ಅತ್ತೆಯ ಬಾಗಿಲಿಗೆ ಹೋಗಲಿಲ್ಲ. ಸುಣ್ಣದ ಹರಳನ್ನು ಆರಿಸಿ ಆರಿಸಿ ಬುಟ್ಟಿಯಲ್ಲಿ ಹೊತ್ತು ಹೊರಗೆ ಚೆಲ್ಲಿದಳು. ಕೆರೆಯಂಗಳದ ಗೋಡುಮಣ್ಣು ತಂದು ತುಂಬಿದಳು. ಊರ ದನಗಳ ಹಿಂದೆ ತಿರುಗಿ ಸಗಣಿ ಬಳಿದು ತಂದಳು. ಅಕ್ಕಿ ತೊಳೆದ ನೀರು ಬದನೆಗೆ, ಸ್ನಾನದ ನೀರು ಬಾಳೆಗೆ, ಒಲೆಯ ಬೂದಿ ಹುಳ ಬಿದ್ದ ಎಲೆಗೆ. ಹೀರೆಕಾಯಿ ಪಲ್ಯವಾದರೆ ಅದರ ಸಿಪ್ಪೆ ಚಟ್ನಿಯಾಗುತ್ತಿತ್ತು. ಸೀರೆ ಹರಿದರೆ ಮಗಳಿಗೆ ಲಂಗ, ಲಂಗ ಹರಿದರೆ ಕೌದಿ, ಕೌದಿಯೂ ಜಾಳಾದರೆ ಒಲೆಯ ಮುಂದಿನ ಮಸಿಬಟ್ಟೆ.

"ಹಾಲವ್ವನ ಮನ್ಯಾಗ ಬೆಕ್ಕಿಗೂ ಏಕಾದಶಿ" ಎಂದು ಪಕ್ಕದ ಮನೆಯ ಮಾಬೂಬಿ ನಗುತ್ತಿದ್ದಳು.

"ನಿಮ್ಮನಿ ಮೀನಿನ ತಲಿ ತಿಂದು ಬಂದ ಬೆಕ್ಕಿಗೆ ನಮ್ಮನ್ಯಾಗ ಏಕಾದಶೀನ ಆಗಬೇಕಲ್ಲ" ಎಂದು ಹಾಲವ್ವ ಗೋಡೆಯ ಈಚೆಯಿಂದಲೇ ತಿರುಗಿ ಕೊಡುತ್ತಿದ್ದಳು.

ಓದನ್ನೂ ಅವಳು ಹಾಗೆಯೇ ಕಲಿತಳು. ಅಂಗಡಿಯ ಪೊಟ್ಟಣದ ಕಾಗದವನ್ನು ಬಿಡಿಸಿ, ಮಗಳ ಒಂದನೆಯ ತರಗತಿಯ ಪುಸ್ತಕದ ಪಕ್ಕದಲ್ಲಿಟ್ಟು, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದಳು. ಯಾರ ಹತ್ತಿರವೂ ಹೇಳಿಸಿಕೊಳ್ಳಲಿಲ್ಲ. ಯಾರ ಹತ್ತಿರವೂ ಏನನ್ನೂ ಕೇಳಬಾರದು ಎಂಬುದು ಅವಳ ಹಟ. ಆ ಹಟವೇ ಅವಳಿಗೆ ಬೆನ್ನೆಲುಬಾಗಿತ್ತು.

ಅದೇ ಊರಿನ ಹೊಂಡದ ದಂಡೆಯಲ್ಲಿರುವ ಹಳೆಯ ಛತ್ರದಲ್ಲಿ ಆಗ ಪೂಜ್ಯ ನಿರಾಳಮ್ಮನವರು ಬಿಜಯಮಾಡಿದ್ದರು. ಅವರಿಗೆ ಮಠವಿರಲಿಲ್ಲ, ಗದ್ದುಗೆಯಿರಲಿಲ್ಲ. ಹೊದೆಯಲೊಂದು ಕೌದಿ, ಕೈಗೊಂದು ಬಿದಿರುಬುಟ್ಟಿ, ಒಲೆಯ ಮೇಲೊಂದು ದೊಡ್ಡ ಗಡಿಗೆ, ಇಷ್ಟೇ ಅವರ ಸಂಸಾರ. ಸೋಮವಾರ ಬೆಳಿಗ್ಗೆ ಬುಟ್ಟಿ ಹಿಡಿದು ಊರಿನ ಹಿತ್ತಲ ಬಾಗಿಲುಗಳಿಗೆ ದಯಮಾಡಿಸುತ್ತಿದ್ದರು. ಮುಂಬಾಗಿಲಿಗೆ ಹೋಗುತ್ತಿರಲಿಲ್ಲ. ಅಂಗಡಿಯಿಂದ ತಂದದ್ದನ್ನು ಸ್ವೀಕರಿಸುತ್ತಿರಲಿಲ್ಲ. ಆ ಮನೆಯವರು ತಮ್ಮ ಕೈಯಾರೆ ಬೆಳೆದದ್ದು ಒಂದು ಹಿಡಿ ರಾಜಗಿರಿ ಸೊಪ್ಪಾದರೂ ಸರಿ, ನಾಲ್ಕು ಬೆಂಡೆಕಾಯಿಯಾದರೂ ಸರಿ, ಕಣ್ಣಿಗೊತ್ತಿಕೊಂಡು ಬುಟ್ಟಿಗೆ ಹಾಕಿಕೊಳ್ಳುತ್ತಿದ್ದರು. ಎಲ್ಲ ಮನೆಗಳ ಕಾಯಿಪಲ್ಲೆಯೂ ಒಂದೇ ಗಡಿಗೆಯಲ್ಲಿ ಬೆಂದು ಸಾರಾಗುತ್ತಿತ್ತು. ಸಂಜೆ ಯಾರು ಬಂದು ಕುಳಿತರೂ, ಯಾವ ಜಾತಿಯವರೆಂದು ಕೇಳದೆ, ಅಮ್ಮನವರೇ ಬಡಿಸುತ್ತಿದ್ದರು. ಊರವರು ಅದನ್ನು ಹಿತ್ತಲ ಪ್ರಸಾದ ಎನ್ನುತ್ತಿದ್ದರು.

ಹಾಲವ್ವನ ಹಿತ್ತಲು ಹಸಿರಾದ ಮೇಲೆ ಅಮ್ಮನವರು ಒಂದು ಸಲ ಅಲ್ಲಿಗೂ ಬಂದರು. ಹಾಲವ್ವ ಬದನೆಯ ಪಾತಿಯಿಂದ ಎದ್ದು ನಿಂತು, ಸೊಂಟಕ್ಕೆ ಕೈಯಿಟ್ಟು ಕೇಳಿದಳು:

"ಈ ಹಿತ್ತಲಕ್ಕ ಯಾವ ದೇವರು ನೀರು ಹೊತ್ತಾನ್ರಿ, ಅಮ್ಮಾರ?"

ಅಮ್ಮನವರು ಪಾತಿಗಳನ್ನೆಲ್ಲ ಒಮ್ಮೆ ನೋಡಿದರು. "ಖರೇ ತಂಗಿ. ನೀನ ಹೊತ್ತಿ" ಎಂದರು. ಮುಖದಲ್ಲಿ ಬೇಸರದ ಎಳೆಯೂ ಇರಲಿಲ್ಲ. ಬರಿಯ ಬುಟ್ಟಿಯೊಂದಿಗೆ ಮುಂದಿನ ಮನೆಗೆ ನಡೆದರು. ಆದರೂ ಸೋಮವಾರ ತಪ್ಪದೆ ಹಾಲವ್ವನ ಬೇಲಿಯ ಹತ್ತಿರ ಒಂದು ಕ್ಷಣ ನಿಂತೇ ಹೋಗುತ್ತಿದ್ದರು.

ಹೀಗೆ ವರ್ಷಗಳು ಕಳೆದವು. ಮಗಳು ಮಹಾನಂದಾ ತಾಯಿಯಷ್ಟೇ ಎತ್ತರವಾದಳು. ದುಡಿತದಲ್ಲಿ ತಾಯಿ, ನಗುವಿನಲ್ಲಿ ಮಾತ್ರ ತಾಯಿಯಲ್ಲ. ಆ ವರ್ಷ ಮೊದಲ ಮಳೆ ಬಿದ್ದ ಮೇಲೆ ಗೆಳತಿಯ ಮನೆಯಿಂದ ಸೋರೆಬೀಜ ತಂದಳು. ಆ ಸೀಮೆಯ ಹೆಂಗಸರಲ್ಲಿ ಒಂದು ರೂಢಿ. ಸೋರೆಬೀಜ ಊರುವಾಗ ಬಾಯಲ್ಲಿ ಬೆಲ್ಲದ ಚೂರು ಇಟ್ಟುಕೊಂಡಿರಬೇಕು, ಅದು ಕರಗುವ ತನಕ ಮಾತಾಡಬಾರದು. ಹಾಗೆ ಮಾಡಿದರೆ ಕಾಯಿ ಕಹಿಯಾಗುವುದಿಲ್ಲ ಎಂದು ನಂಬಿಕೆ. ಹಾಲವ್ವ ಒಂದು ದಿನವೂ ಹಾಗೆ ಊರಿದವಳಲ್ಲ.

ಮಹಾನಂದಾ ಡಬ್ಬಿಯಿಂದ ಬೆಲ್ಲ ಮುರಿದಳು.

"ಏ, ಅಷ್ಟು ದೊಡ್ಡ ಚೂರು? ನೀ ಬಾಯಾಗ ಬೆಲ್ಲ ಇಟ್ಕೊಂಡ್ರ ಮಣ್ಣಾಗಿನ ಬೀಜಕ್ಕ ಹ್ಯಾಂಗ ಗೊತ್ತಾಗತೈತಿ?"

ಮಗಳಿಗೆ ಉತ್ತರ ಕೊಡುವಂತಿರಲಿಲ್ಲ. ಕೆನ್ನೆ ಉಬ್ಬಿಸಿಕೊಂಡು ಕಣ್ಣಲ್ಲೇ ನಕ್ಕಳು. ಬೀಜಗಳನ್ನು ಊರಿ, ಮಣ್ಣು ಮುಚ್ಚಿ, ಬೆಲ್ಲ ಕರಗಿದ ಮೇಲೆ ಹೇಳಿದಳು: "ಗೊತ್ತಾಗೂದು ಬೀಜಕ್ಕಲ್ಲಬೇ, ಊರಾಕಿಗೆ. ನಿನಗ ಸುಮ್ಮನ ಇರಾಕ ಬರೂದಿಲ್ಲ, ಅದಕ್ಕ ನೀ ಮಾಡೂದಿಲ್ಲ."

ಬಳ್ಳಿ ಚಪ್ಪರಕ್ಕೆ ಏರುವ ಹೊತ್ತಿಗೆ ಮಹಾನಂದಾಳಿಗೆ ಕಾಮಾಲೆಯಾಯಿತು. ಹಾಲವ್ವ ನಾಟಿ ಔಷಧ ಮಾಡಿಸಿದಳು, ದೊಡ್ಡ ಆಸ್ಪತ್ರೆಗೂ ಒಯ್ದಳು. ಮಗಳ ವಿಷಯದಲ್ಲಿ ಅವಳು ಯಾವುದಕ್ಕೂ ಕೈ ಬಿಗಿಹಿಡಿಯಲಿಲ್ಲ. ಶ್ರಾವಣ ಮುಗಿಯುವ ಮುನ್ನ ಹುಡುಗಿ ಹೋದಳು. ಬಳ್ಳಿಯಲ್ಲಿ ಆಗ ಒಂದು ಹೂವೂ ಬಿಟ್ಟಿರಲಿಲ್ಲ.

ಸೋರೆಯ ಹೂವು ಅರಳುವುದು ಹೊತ್ತು ಮುಳುಗುವಾಗ. ಮಗಳ ದಿನಕಾರ್ಯ ಮುಗಿದ ಮೇಲೆ ಒಂದು ಸಂಜೆ ಹಾಲವ್ವ ಹಿತ್ತಲಿಗೆ ಬಂದರೆ ಚಪ್ಪರದ ತುಂಬ ಬಿಳಿಯ ಹೂವು. ಅವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟಳು. ಅಂದಿನಿಂದ ಸಂಜೆ ಸಂಜೆ ಅಲ್ಲೇ ಕುಳಿತಳು. ಹೂವು ಹೀಚಾಯಿತು, ಹೀಚು ಕಾಯಾಯಿತು. ಅವಳು ಒಂದನ್ನೂ ಕೊಯ್ಯಲಿಲ್ಲ, ಕೊಯ್ಯಗೊಡಲೂ ಇಲ್ಲ.

ಮಾಬೂಬಿ ಗೋಡೆಯ ಆಚೆಯಿಂದ ಮೆಲ್ಲಗೆ ಕರೆದಳು. "ಯಕ್ಕಾ, ಕಾಯಿ ಬಲಿಯಾಕ ಹತ್ತ್ಯಾವ. ನಾನರ ಕೊಯ್ದು ಇಡ್ಲ್ಯಾ?"

"ಮುಟ್ಟಿದ್ರ ನೋಡು."

ಸಿಪ್ಪೆಯನ್ನೂ ಬಿಡದ ಹಾಲವ್ವನ ಹಿತ್ತಲಲ್ಲಿ ಕಾಯಿಗಳು ಚಪ್ಪರದಿಂದ ಜೋತು ಬಿದ್ದು ಕಟ್ಟಿಗೆಯಾಗತೊಡಗಿದವು. ಬದನೆ ಪಾತಿ ಒಣಗಿತು, ಬಾಳೆ ಬಾಡಿತು. ಅವಳು ಸೋರೆಗೆ ಮಾತ್ರ ಕೊಡ ಕೊಡ ನೀರು ಹೊಯ್ದಳು. ಎಷ್ಟು ಹೊಯ್ದರೂ ಬುಡದ ಎಲೆಗಳು ಹಳದಿಯಾದವು, ಹೊಸ ಹೂವು ಕಡಿಮೆಯಾಯಿತು. ಎಳೆಗಾಯಿ ಕೊಯ್ಯದೆ ಬಿಟ್ಟರೆ ಬಳ್ಳಿ ತನ್ನ ಕೆಲಸ ಮುಗಿಯಿತೆಂದು ಸೊರಗುತ್ತದೆ. ಆ ಊರಿನಲ್ಲಿ ಹಾಲವ್ವನಿಗಿಂತ ಚೆನ್ನಾಗಿ ಇದನ್ನು ಬಲ್ಲವರಿರಲಿಲ್ಲ. ಆದರೂ ಅವಳ ಕೈ ಏಳಲಿಲ್ಲ. ಈ ಬಳ್ಳಿ ಹೋದರೆ ಮಗಳ ಕೈ ಮುಟ್ಟಿದ್ದು ಭೂಮಿಯ ಮೇಲೆ ಏನೂ ಉಳಿಯುವುದಿಲ್ಲ. ಕೊಯ್ದರೆ ಮಗಳದ್ದು ಕಡಿಮೆಯಾಗುತ್ತದೆ, ಕೊಯ್ಯದಿದ್ದರೆ ಬಳ್ಳಿಯೇ ಸಾಯುತ್ತದೆ. ಈ ಇಕ್ಕಟ್ಟಿನಲ್ಲಿ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಒಂದು ಸೋಮವಾರ ಪೂಜ್ಯ ಅಮ್ಮನವರು ಬೇಲಿಯ ಹತ್ತಿರ ನಿಂತವರು ಮುಂದೆ ಹೋಗಲಿಲ್ಲ. ಹಿತ್ತಲ ಬಾಗಿಲು ತಳ್ಳಿ ಒಳಗೆ ದಯಮಾಡಿಸಿದರು. ಬುಟ್ಟಿಯನ್ನು ಕೆಳಗಿಟ್ಟು ಒಗೆಯುವ ಕಲ್ಲಿನ ಒಂದು ಬದಿಗೆ ಕುಳಿತರು. ಇನ್ನೊಂದು ಬದಿಗೆ ಹಾಲವ್ವ ಇದ್ದಳು.

"ಬಳ್ಳಿ ಯಾರು ಹಚ್ಚಿದ್ದು, ತಂಗಿ?"

ಮಣ್ಣು ಮಾಡಿ ಬಂದ ದಿನದಿಂದ ಆ ಮನೆಯಲ್ಲಿ ಯಾರೂ ಆ ಹೆಸರು ಎತ್ತಿರಲಿಲ್ಲ. ಬಂದವರೆಲ್ಲ 'ನಿನ್ನ ಮಗಳು' ಎಂದರು, 'ಹುಡುಗಿ' ಎಂದರು, ಕೆಲವರು ಏನೂ ಅನ್ನದೆ ಹೋದರು.

"ಮಹಾನಂದಾ" ಎಂದಳು ಹಾಲವ್ವ.

"ಮಹಾನಂದಾ" ಎಂದು ಅಮ್ಮನವರೂ ಒಮ್ಮೆ ಅಂದರು, ಮಂತ್ರ ಹೇಳುವಾಗಿನ ನಿಧಾನದಲ್ಲಿ. ಆಮೇಲೆ ಕೇಳಿದರು: "ಉಣ್ಣಾಕ ಹಚ್ಚಿದ್ಲೋ, ನೋಡಾಕ ಹಚ್ಚಿದ್ಲೋ?"

ಹಾಲವ್ವ ಸಿಡಿದಳು. "ನೀವು ಹಡದವರಲ್ಲ! ಹೊಟ್ಟ್ಯಾಗಿನ ಸಂಕಟ ನಿಮಗೇನು ಗೊತ್ತೈತಿ? ಬುಟ್ಟಿ ತುಂಬಿಸಿಕೊಳ್ಳಾಕ ಬಂದೀರಿ."

ಬೇರೆ ಯಾರಾದರೂ ಆಗಿದ್ದರೆ ಉಪದೇಶ ಮಾಡುತ್ತಿದ್ದರು, ಇಲ್ಲವೆ ಎದ್ದು ಹೋಗುತ್ತಿದ್ದರು. ಅಮ್ಮನವರು ತಲೆ ತಗ್ಗಿಸಿದರು.

"ಗೊತ್ತಿಲ್ಲ ತಂಗಿ. ಆ ಸಂಕಟ ನನಗ ಗೊತ್ತಿಲ್ಲ."

ಅಷ್ಟು ಹೇಳಿ ಎದ್ದರು. ಬಳ್ಳಿಯ ಬುಡದಲ್ಲಿ ಕುಳಿತು ಹಳದಿಯಾದ ಎಲೆಗಳನ್ನು ಒಂದೊಂದಾಗಿ ಚಿವುಟಿ ತೆಗೆದರು. ಒಣಗಿದ ಬದನೆ ಪಾತಿಗೆ ಒಂದು ಕೊಡ ನೀರು ಹೊಯ್ದರು. ಕಾಯಿಗಳಲ್ಲಿ ಒಂದನ್ನೂ ಮುಟ್ಟಲಿಲ್ಲ. ಬರಿಯ ಬುಟ್ಟಿ ಎತ್ತಿಕೊಂಡು, ಬಾಗಿಲ ಹತ್ತಿರ ತಿರುಗಿ ಒಂದೇ ಮಾತು ಹೇಳಿದರು.

"ಆಕಿ ಬೆಲ್ಲ ಇಟ್ಟು ಊರಿದ್ದು ಖರೇ ಇದ್ರ, ಆ ಸಿಹಿ ಯಾರ ನಾಲಿಗಿಗೂ ಹತ್ತದ ಹೋಗಬಾರದವ್ವ."

ಬೆಲ್ಲದ ಸಂಗತಿ ಅಮ್ಮನವರಿಗೆ ಹೇಗೆ ತಿಳಿಯಿತೆಂದು ಭಕ್ತರು ಈಗಲೂ ಬೆರಗಾಗುತ್ತಾರೆ. ಬೇಲಿಯ ಹತ್ತಿರ ನಿಲ್ಲುತ್ತಿದ್ದವರಿಗೆ ಕೆನ್ನೆ ಉಬ್ಬಿಸಿಕೊಂಡು ಬೀಜ ಊರುವ ಹುಡುಗಿ ಕಂಡಿರಬಹುದು, ಅದರಲ್ಲಿ ಪವಾಡವೇನೂ ಬೇಕಿಲ್ಲ. ಬೆರಗಾಗಬೇಕಾದದ್ದು ಬೇರೆ. ಅಷ್ಟು ವರ್ಷ ಬರಿಗೈಯಲ್ಲಿ ಕಳಿಸಿದ ಹಿತ್ತಲನ್ನು ಅವರು ಅಷ್ಟು ವರ್ಷವೂ ನೋಡುತ್ತಲೇ ಇದ್ದರು.

ಹಾಲವ್ವ ಬಹಳ ಹೊತ್ತು ಅತ್ತಳು. ಆಮೇಲೆ ಕುಡುಗೋಲು ತಂದಳು. ಬಲಿತವು ಬಹಳ. ಆದರೂ ಬಳ್ಳಿಯ ತುದಿಯಲ್ಲಿ, ಉಗುರು ಒತ್ತಿದರೆ ಇಳಿಯುವಂಥ ಎಳೆಗಾಯಿಗಳು ಕೆಲವು ಇದ್ದವು. ಅವನ್ನು ಒಂದೊಂದಾಗಿ ಕೊಯ್ದಳು. ಸೆರಗಿನಲ್ಲಿ ಕಟ್ಟಿಕೊಂಡು ಛತ್ರಕ್ಕೆ ಹೋದಳು. ಮಳೆಗಾಲ ಮುಗಿಯುವುದರೊಳಗೆ ಬೇಡಲು ಸೆರಗೊಡ್ಡುತ್ತಾಳೆ ಎಂದು ಅತ್ತೆ ಆಡಿದ್ದ ಸೆರಗು ಅದು. ಅಂದು ಅದು ತುಂಬಿಕೊಂಡು ಹೋಯಿತು.

ಗಡಿಗೆಯಲ್ಲಿ ಸಾರು ಕುದಿಯುತ್ತಿತ್ತು. ಅಮ್ಮನವರು ಈಳಿಗೆಮಣೆಯನ್ನು ಅವಳ ಮುಂದೆ ಸರಿಸಿದರು. ಹಾಲವ್ವ ಒಂದು ಕಾಯಿಯ ತುದಿ ಹೆಚ್ಚಿ, ಕಹಿ ನೋಡಲು ಹಸಿಯ ಚೂರನ್ನು ನಾಲಿಗೆಯ ಮೇಲಿಟ್ಟುಕೊಂಡಳು. ಕಹಿಯಿರಲಿಲ್ಲ. ಆ ಚೂರನ್ನು ಅವಳು ಎಷ್ಟೋ ಹೊತ್ತು ನುಂಗದೆ ಇಟ್ಟುಕೊಂಡಿದ್ದಳು.

ಸಂಜೆಯ ಪಂಕ್ತಿಯಲ್ಲಿ ಅವಳ ಅತ್ತೆ ಕಲ್ಲವ್ವನೂ ಕುಳಿತಿದ್ದಳು. ಸೋಮವಾರ ತಪ್ಪದೆ ಪ್ರಸಾದಕ್ಕೆ ಬರುತ್ತಿದ್ದ ಮುದುಕಿ, ಮೊಮ್ಮಗಳ ಸಾವಿಗೆ ಮಾತ್ರ ಬಂದಿರಲಿಲ್ಲ. ಅಮ್ಮನವರು ಸೌಟನ್ನು ಹಾಲವ್ವನ ಕೈಗೆ ಕೊಟ್ಟರು. ಹಾಲವ್ವ ಬಡಿಸುತ್ತ ಬಂದಳು, ಅತ್ತೆಯ ತಾಟಿನ ಮುಂದೆ ಒಂದು ಕ್ಷಣ ನಿಂತಳು, ಬಡಿಸಿದಳು.

ಮುದುಕಿ ಒಂದು ತುತ್ತು ಉಂಡು ತಲೆಯೆತ್ತದೆ ಅಂದಳು: "ಸೋರಿಕಾಯಿ ಭಾಳ ಸಿಹಿ ಐತಿ. ಯಾರ ಹಿತ್ತಲದ್ದು?"

"ನಿಮ್ಮ ಮೊಮ್ಮಗಳು ಹಚ್ಚಿದ್ದು, ಅತ್ತಿ."

ಕಲ್ಲವ್ವನ ಕೈ ತಾಟಿನಲ್ಲೇ ನಿಂತಿತು. ಊಟ ಬಿಟ್ಟು ಏಳಲಿಲ್ಲ, ಉಣ್ಣಲೂ ಆಗಲಿಲ್ಲ. ಕೊನೆಗೆ ಕಣ್ಣೀರು ಸುರಿಸುತ್ತಲೇ ಒಂದು ಅಗುಳೂ ಬಿಡದೆ ಉಂಡು, ತಾಟು ತೊಳೆದಿಟ್ಟು ಹೋದಳು. ಅತ್ತೆ ಸೊಸೆ ಆಮೇಲೂ ಒಂದು ಮನೆಯಲ್ಲಿ ಬಾಳಲಿಲ್ಲ. ಆಡಿದ ಮಾತು ಆಡಿದ್ದೇ. ಆದರೆ ಮುಂದಿನ ಸೋಮವಾರಗಳಲ್ಲಿ ಕಲ್ಲವ್ವ ಹಾಲವ್ವ ಬಡಿಸುವ ಸಾಲಿನಲ್ಲಿಯೇ ಕುಳಿತಳು, ಹಾಲವ್ವ ಅವಳಿಗೆ ಗಡಿಗೆಯ ತಳದ ಗಟ್ಟಿಯನ್ನೇ ಬಡಿಸಿದಳು.

ಕೊಯ್ದ ಬಳ್ಳಿ ಮತ್ತೆ ಚಿಗುರಿ ಹೂ ಬಿಟ್ಟಿತು. ಬಲಿತ ಕಾಯಿಗಳಲ್ಲಿ ಎಲ್ಲಕ್ಕಿಂತ ದುಂಡಾದ ಒಂದನ್ನು ಹಾಲವ್ವ ಮಗಳ ರಿಬ್ಬನ್ನು ಕಟ್ಟಿ ಬೀಜಕ್ಕೆ ಬಿಟ್ಟಳು. ಚಳಿಗಾಲದಲ್ಲಿ ಬಳ್ಳಿ ತಾನಾಗಿ ಒಣಗಿದಾಗ ಅದನ್ನು ಇಳಿಸಿ, ಒಳಗನ್ನು ಕೆರೆದು ಬುರುಡೆ ಮಾಡಿ, ಬೀಜವನ್ನು ಬೂದಿಯಲ್ಲಿ ಹೊರಳಿಸಿ ಅದರಲ್ಲೇ ತುಂಬಿಟ್ಟಳು. ಮರುವರ್ಷ ಮೊದಲ ಮಳೆಗೆ ಮಾಬೂಬಿ ಗೋಡೆಯ ಆಚೆಯಿಂದ ಕೂಗಿದಳು: "ಯಕ್ಕಾ, ಏನು ಮಾಡಾಕ ಹತ್ತಿ?" ಉತ್ತರ ಬರಲಿಲ್ಲ. ಗೋಡೆಯ ಮೇಲಿಂದ ಇಣುಕಿ ನೋಡಿದರೆ ಹಾಲವ್ವ ಮಣ್ಣಿನಲ್ಲಿ ಮೊಣಕಾಲೂರಿ ಬೀಜ ಊರುತ್ತಿದ್ದಳು. ಅವಳ ಕೆನ್ನೆ ಉಬ್ಬಿತ್ತು, ಕಣ್ಣು ತುಂಬಿತ್ತು. ಮಾಬೂಬಿಗೆ ತಿಳಿಯಿತು. ಆ ಬೆಲ್ಲ ಕರಗುವ ತನಕ ಅವಳೂ ಸುಮ್ಮನೆ ನಿಂತಳು.

ಪೂಜ್ಯ ನಿರಾಳಮ್ಮನವರು ಲಿಂಗೈಕ್ಯರಾಗಿ ಬಹಳ ಕಾಲವಾಯಿತು. ಅವರ ಬುಟ್ಟಿಯನ್ನು ಹಾಲವ್ವ ಹಿಡಿದಿದ್ದಾಳೆ; ಸೋಮವಾರ ಹಿತ್ತಲ ಬಾಗಿಲುಗಳಿಗೆ ಅವಳೇ ಹೋಗುತ್ತಾಳೆ. ಯಾರನ್ನೂ ಏನೂ ಕೇಳದವಳು ಈಗ ಊರನ್ನೆಲ್ಲ ಕೇಳುತ್ತಾಳೆ. ಅವಳಿಗೆ ಈಗ ಹೆಂಚು ಹೊದಿಸಿದ ಎರಡು ಅಂಕಣದ ಮನೆ ಇದೆ. ಸುಣ್ಣದ ಭಟ್ಟಿಯಿದ್ದ ಜಾಗದಲ್ಲಿ ಬದನೆ, ಬಾಳೆ, ಹೀರೆ ಇವೆ. ತೊಲೆಗೆ ತೂಗುಹಾಕಿದ ಒಂದು ಸೋರೆಬುರುಡೆ ಇದೆ, ಅದರ ಬೀಜ ಇಲ್ಲದ ಮನೆ ಆ ಊರಲ್ಲಿ ಇಲ್ಲ. ಮನೆ, ಹಿತ್ತಲುಗಳಿಗೆ ಅವಳು ತೆತ್ತದ್ದು ಮೈಬೆವರು. ಆ ಬುರುಡೆಗೆ ತೆತ್ತದ್ದು ಮಹಾನಂದಾಳನ್ನು.