ಸ್ಲೇಟಿನ ಮೇಲೆ ಅಧ್ಯಕ್ಷರು

ಹೂ ಮಾರುವ ಹೆಂಗಸರಿಗೆಂದು ಒಂದು ಟ್ರಸ್ಟು ಸಂಜೆ ಶಾಲೆ ತೆರೆಯಿತು. ಮೊದಲ ದಿನವೇ ಅಧ್ಯಕ್ಷ ವಿರೂಪಾಕ್ಷಪ್ಪನವರ ಅಪ್ಪಣೆಯಾಯಿತು: "ಎಲ್ಲರೂ ಮೊದಲು ನನ್ನ ಹೆಸರು ಬರೆಯೋದು ಕಲೀಲಿ."

ತಮ್ಮ ಹೆಸರು ಬರೆಯುವ ಆಸೆಯಿಂದ ಬಂದವರ ಮುಖ ಬಾಡಿತು. ಶಾಲೆಯ ಆಯಾ ಚೌಡಮ್ಮ ಕೈಮುಗಿದಳು.

"ಆಗ್ಲಿ ಸಾರ್. ಆದ್ರೆ ನಮ್ಮೋರು ಸ್ಲೇಟು ಒರೆಸೋದು ಉಗುಳು ಹಚ್ಚಿ. ನಿಮ್ಮ ಹೆಸರೋ ಬಲು ಕಷ್ಟದ್ದು. ತಪ್ಪಿದಾಗೆಲ್ಲ..."

ಅಧ್ಯಕ್ಷರು ಕೆಮ್ಮಿದರು. "ಅವರವರ ಹೆಸರೇ ಬರೀಲಿ ಬಿಡು. ನನ್ನದನ್ನ ಹೊರಗಿನ ಗೋಡೆ ಮೇಲೆ ದೊಡ್ಡದಾಗಿ ಬರೆಸಿ."

"ಬರೆಸೋಣ ಸಾರ್. ಹೆಂಡ್ತೀರನ್ನ ಕಾಯೋ ಗಂಡಸರು ಅಲ್ಲೇ ಎಲೆಅಡಿಕೆ ಜಗೀತಾ ನಿಂತಿರ್ತಾರೆ."

ಅಧ್ಯಕ್ಷರು ಹೊರಗೆ ಇಣುಕಿದರು. ಗೋಡೆ ಆಗಲೇ ಕೆಂಪಗಾಗಿತ್ತು. ತೆಪ್ಪಗೆ ಕಾರು ಹತ್ತಿದರು.

ಪಾಠ ಹೇಳುವ ಮೇಡಂ ಕೈಹಿಡಿದು ಒಬ್ಬೊಬ್ಬರಿಂದಲೂ ಅವರವರ ಹೆಸರು ಬರೆಸಿದರು. ಆ ಸಂಜೆ ಯಾರೂ ಸ್ಲೇಟು ಒರೆಸಲಿಲ್ಲ.